ಮಣ್ಣೆತ್ತಿನ ಅಮಾವಾಸ್ಯೆಯ ಗೈರುಹಾಜರಿ

ನನ್ನ ಅಕ್ಷರ ಚೆನ್ನಾಗಿದೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಮುಂದೆ ನಡೆದದ್ದಕ್ಕೆಲ್ಲ ಅದೇ ಮೂಲ. ಧಾರವಾಡದ ಶಾಲೆಯಲ್ಲಿ ಮಾಸ್ತರರು ನನ್ನ ಪಾಟಿಯನ್ನು ಉಳಿದ ವರ್ಗಗಳಿಗೆ ತೋರಿಸಲು ಕಳಿಸುತ್ತಿದ್ದರು. ಆಗ ತಲೆಗೇರಿದ್ದು ಇಳಿಯಲೇ ಇಲ್ಲ. ಪುಣೆಗೆ ಬಂದು ನಾಲ್ಕು ಕಡೆ ಗುಮಾಸ್ತಿಕೆ ಮಾಡಿ, ಕೊನೆಗೆ ಪಿಂಪ್ರಿ-ಚಿಂಚವಾಡದ ಒಂದು ಗಲ್ಲಿಯ ಸಣ್ಣ ಪ್ರೆಸ್ ಶಾಪಿನಲ್ಲಿ ಹದಿನಾಲ್ಕು ವರ್ಷ ಹಾಜರಿ ಪುಸ್ತಕ ಬರೆದೆ. ತಗಡನ್ನು ಯಂತ್ರದಲ್ಲಿ ಒತ್ತಿ, ಸ್ಕೂಟರು ಕಾರುಗಳ ಒಳಗೆ ಯಾರಿಗೂ ಕಾಣದಂತೆ ಇರುವ ಸಣ್ಣ ಸಣ್ಣ ಭಾಗಗಳನ್ನು ಮಾಡುವ ಜಾಗ ಅದು. ನನ್ನ ಪುಸ್ತಕ ಮಾತ್ರ ಎಲ್ಲರಿಗೂ ಕಾಣುವಂತೆ ಗಾಜಿನ ಕಪಾಟಿನಲ್ಲಿ ಇರುತ್ತಿತ್ತು.

ಮಾಲಕರು ನಮ್ಮವರೇ, ಬೆಳಗಾವಿ ಕಡೆಯವರು. ಬೈಯುವಾಗ ಮರಾಠಿ, ಚೌಕಾಸಿ ಮಾಡುವಾಗ ಹಿಂದಿ, ತಪ್ಪು ಕೆಲಸ ಮಾಡಿಸಬೇಕಾದಾಗ ಕನ್ನಡ. ಅವರ ಕೋಣೆಯಿಂದ ‘ರಾಯರ, ಸ್ವಲ್ಪ ಬರ್ರಿ’ ಎಂಬ ಮೆತ್ತನೆಯ ಕನ್ನಡ ಕೇಳಿದರೆ ಸಾಕು, ನಾನು ಪೆನ್ನಿನ ಮುಚ್ಚಳ ತೆಗೆದುಕೊಂಡೇ ಒಳಗೆ ಹೋಗುತ್ತಿದ್ದೆ.

ಹಾಗೆ ಕರೆದು ಅವರು ನನಗೆ ಕಲಿಸಿದ ನಿಯಮಗಳು ಎರಡು. ಒಂದನೆಯದು, ನಮ್ಮಲ್ಲಿ ಒಂಬತ್ತು ಜನರಿದ್ದಾರೆ. ಹತ್ತು ಜನ ದುಡಿಯುವಲ್ಲಿ ಸರಕಾರದ ವಿಮೆ ಬರುತ್ತದೆ, ವಿಮೆ ಬಂದರೆ ತಿಂಗಳ ಕಂತು ಬರುತ್ತದೆ, ಕಂತು ಬಂದರೆ ಮಾಲಕರಿಗೆ ಎದೆನೋವು ಬರುತ್ತದೆ. ನಿಜವಾಗಿ ಎಣಿಸಿದರೆ ನಾವು ಹತ್ತು. ಯಾರಾದರೂ ಒಬ್ಬರು ಪುಸ್ತಕದಿಂದ ಹೊರಗಿರಬೇಕಿತ್ತು. ಬರೆಯುವವನೇ ಹೊರಗಿದ್ದರೆ ಅನುಕೂಲವೆಂದು ತೀರ್ಮಾನವಾಯಿತು. ಹೀಗಾಗಿ ಹದಿನಾಲ್ಕು ವರ್ಷ ನಾನು ಆ ಶಾಪಿನಲ್ಲಿ ಇರಲಿಲ್ಲ. ಯಾರಾದರೂ ಅಧಿಕಾರಿ ಬಂದು ನೀವು ಯಾರೆಂದು ಕೇಳಿದರೆ, ಮಾಲಕರ ಊರಿನವನು, ಭೇಟಿಗೆಂದು ಬಂದಿದ್ದೇನೆ ಎನ್ನುತ್ತಿದ್ದೆ. ಅಷ್ಟು ವರ್ಷ ಬೆಳಗ್ಗೆ ಒಂಬತ್ತರಿಂದ ಸಂಜೆ ಏಳರವರೆಗೆ ಡಬ್ಬಿ ಕಟ್ಟಿಕೊಂಡು ಭೇಟಿಗೆ ಬಂದ ಮನುಷ್ಯ ಇನ್ನೊಬ್ಬನಿರಲಿಕ್ಕಿಲ್ಲ.

ಎರಡನೆಯ ನಿಯಮ, ಯಾರೂ ತಿಂಗಳಿಗೆ ಹದಿನಾರು ದಿನಕ್ಕಿಂತ ಹೆಚ್ಚು ಕೆಲಸ ಮಾಡುವುದಿಲ್ಲ. ದಿನಕ್ಕೆ ಇಷ್ಟು ಕೊಡಲೇಬೇಕೆಂದು ಸರಕಾರ ಗೊತ್ತುಮಾಡಿದೆ. ಅದನ್ನು ನಾವು ಪೈಸೆ ಬಿಡದೆ ಕೊಡುತ್ತಿದ್ದೆವು, ದಿನಗಳನ್ನು ಮಾತ್ರ ಬಿಡುತ್ತಿದ್ದೆವು. ಪುಸ್ತಕದ ಪ್ರಕಾರ ಇಡೀ ಪಿಂಪ್ರಿ-ಚಿಂಚವಾಡದಲ್ಲಿ ನಮ್ಮ ಆಪರೇಟರುಗಳಷ್ಟು ವಿಶ್ರಾಂತಿ ಪಡೆದ ಕಾರ್ಮಿಕರು ಯಾರೂ ಇರಲಿಲ್ಲ. ನಿಜವಾಗಿ ಅವರು ಇಪ್ಪತ್ತಾರು ದಿನ ದುಡಿಯುತ್ತಿದ್ದರು, ಭಾನುವಾರವೂ ಆಗಾಗ ಬರುತ್ತಿದ್ದರು. ಪುಸ್ತಕದಲ್ಲಿ ಎಂಟು ಸಾವಿರ, ಕೈಗೆ ಖಾಕಿ ಲಕೋಟೆಯಲ್ಲಿ ಒಟ್ಟು ಹದಿನೇಳು. ಲಕೋಟೆಯ ಮೇಲೆ ತಾರೀಖು ಬರೆಯಬಾರದೆಂದು ಮಾಲಕರ ಅಪ್ಪಣೆ. ಏನೂ ಬರೆಯದೆ ಕೊಡಲು ನನ್ನ ಕೈ ಕೇಳುತ್ತಿರಲಿಲ್ಲ. ಅದಕ್ಕೇ ಆಗ ನಡೆಯುತ್ತಿದ್ದ ಮಾಸದ ಹೆಸರು, ಅದರ ಕೆಳಗೆ ರಕಮು, ಎರಡನ್ನೂ ಕನ್ನಡದಲ್ಲಿ ಮುತ್ತು ಪೋಣಿಸಿದಂತೆ ಬರೆದು ಕೊಡುತ್ತಿದ್ದೆ. ಇದನ್ನು ಓದಬಲ್ಲ ಅಧಿಕಾರಿ ಮಹಾರಾಷ್ಟ್ರದಲ್ಲಿ ಇನ್ನೂ ಹುಟ್ಟಿಲ್ಲವೆಂದು ಮಾಲಕರೂ ಒಪ್ಪಿಕೊಂಡಿದ್ದರು.

ಇನ್ನು ಗೈರುಹಾಜರಿಯ ವಿಷಯ. ತಿಂಗಳಿಗೆ ಒಬ್ಬೊಬ್ಬನಿಗೆ ಹತ್ತು ದಿನ ಗೈರು ಹುಡುಕುವುದೆಂದರೆ ಸಣ್ಣ ಕೆಲಸವಲ್ಲ. ನನಗಿಂತ ಮೊದಲಿದ್ದವನು ಎಲ್ಲರಿಗೂ ಕೊನೆಯ ಹತ್ತು ದಿನ ಗೈರು ಹಾಕಿ ಸಿಕ್ಕಿಬಿದ್ದಿದ್ದ. ನಾನು ಹಾಗೆ ಒರಟಾಗಿ ಬರೆಯುವವನಲ್ಲ. ಪ್ರತಿ ತಿಂಗಳು ಒಂದನೆಯ ತಾರೀಖಿಗೇ ಪಂಚಾಂಗ ಮುಂದಿಟ್ಟುಕೊಂಡು ಕೂಡುತ್ತಿದ್ದೆ. ಪಂಢರಪುರ ಕಡೆಯವನಿಗೆ ಏಕಾದಶಿಯ ಗೈರು, ಬಿಹಾರದವನಿಗೆ ಛಠ್ ಪೂಜೆಗೆ ಸಾಲಾಗಿ ಎಂಟು ದಿನ, ಸಾತಾರೆಯವನಿಗೆ ಅವನ ಗ್ರಾಮದೇವತೆಯ ಜಾತ್ರೆ. ಅವರವರ ಊರು, ಅವರವರ ದೇವರು, ಅವರವರ ಗೈರು. ಪುಸ್ತಕದಲ್ಲಿ ಗೈರಿಗೆ ಇಂಗ್ಲಿಷಿನ ‘ಎ’ ಎಂದು ಬರೆದ ದಿನ ಅವರು ಯಂತ್ರದ ಮುಂದೆಯೇ ಇರುತ್ತಿದ್ದರು. ಗಲ್ಲಿಯ ಮೂಲೆಯ ಚಹದವನು ಸರಕಾರಿ ಗಾಡಿ ಕಂಡೊಡನೆ ಫೋನು ಮಾಡಿದರೆ, ಆ ದಿನ ದೇವರಿಗೆ ಹೋದವರೆಲ್ಲ ಹಿಂಬಾಗಿಲಿನಿಂದ ಅವನ ಅಂಗಡಿಗೇ ಹೋಗಿ ಕೂಡುತ್ತಿದ್ದರು. ನಾಚಿಕೆಯ ಮಾತು ಹೇಳುತ್ತೇನೆ, ಆ ಪುಟಗಳನ್ನು ನೋಡಿ ನನಗೆ ಖುಷಿಯಾಗುತ್ತಿತ್ತು.

ಈ ಒಂಬತ್ತು ಜನರಲ್ಲಿ ಒಬ್ಬ ವಿಜಯಪುರ ಜಿಲ್ಲೆಯ ಇಂಡಿ ಕಡೆಯ ಆಪರೇಟರ್. ಮೂವತ್ತೈದರ ಆಸುಪಾಸು, ಮಾತು ಕಡಿಮೆ. ಮಾಲಕರನ್ನು ಬಿಟ್ಟರೆ ಕನ್ನಡ ಮಾತಾಡುವವನು ನಾನೊಬ್ಬನೇ ಎಂದು ನನ್ನನ್ನು ಕಾಕಾ ಎನ್ನುತ್ತಿದ್ದ. ನಾನು ಅವನನ್ನು ಮೊದಲು ಗಮನಿಸಿದ್ದು ಅವನ ಕೈಯಿಂದ. ಎಡಗೈಯಿಂದ ತಗಡು ಒಳಗಿಟ್ಟು ಬಲಗೈಯಿಂದ ಬಟನ್ ಒತ್ತುತ್ತಿದ್ದ. ಒತ್ತಿದ ಭಾಗಗಳಿಂದ ಒಂದು ಡಬ್ಬಿ ತುಂಬಿದಾಗ ಎಡಗೈ ಹೆಬ್ಬೆರಳು ಬೆರಳಿನ ಗೆಣ್ಣುಗಳ ಮೇಲೆ ಒಂದು ಹೆಜ್ಜೆ ಮುಂದೆ ಸರಿಯುತ್ತಿತ್ತು. ಕಿರುಬೆರಳಿನ ಬುಡದಿಂದ ಶುರು, ಬೆರಳಿಗೆ ಮೂರು ಗೆಣ್ಣು, ತೋರುಬೆರಳಿನ ತುದಿಗೆ ಬಂದರೆ ಹನ್ನೆರಡು. ನಮ್ಮಪ್ಪ ಅಡತಿ ಅಂಗಡಿಯಲ್ಲಿ ಬೆಲ್ಲದ ಪೆಂಟೆಗಳನ್ನು ಎಣಿಸುತ್ತಿದ್ದುದು ಹೀಗೆಯೇ. ನಾನೂ ಹಾಗೆಯೇ ಎಣಿಸುತ್ತೇನೆ. ಗೋಡೆಯ ಮೇಲಿನ ಡಿಜಿಟಲ್ ಕೌಂಟರ್ ಎರಡು ದಿನಕ್ಕೊಮ್ಮೆ ಕೆಡುತ್ತಿತ್ತು, ಅವನ ಎಣಿಕೆ ಒಂದು ದಿನವೂ ತಪ್ಪಲಿಲ್ಲ.

ಆ ವರ್ಷ ಜೂನಿನಲ್ಲಿ ಅವನು ನನ್ನ ಮೇಜಿನ ಹತ್ತಿರ ಬಂದು, ಮಣ್ಣೆತ್ತಿನ ಅಮಾವಾಸ್ಯೆಗೆ ಊರಿಗೆ ಹೋಗಿಬರಲೇ ಎಂದು ಕೇಳಿದ. ಜ್ಯೇಷ್ಠದ ಕೊನೆಗೆ ಮಣ್ಣಿನ ಎತ್ತು ಮಾಡಿ ಪೂಜಿಸುವ ನಮ್ಮ ಕಡೆಯ ಹಬ್ಬ. ಪುಣೆಯವರಿಗೆ ಇದರ ಗಂಧ ಇಲ್ಲ, ಅವರ ಎತ್ತಿನ ಹಬ್ಬ ಬೇರೆ, ದಿನವೂ ಬೇರೆ. ನಾನು ಮಾಲಕರನ್ನು ಕೇಳಿದೆ. ಅರ್ಜೆಂಟ್ ಆರ್ಡರ್ ಇದೆ, ಆಗುವುದಿಲ್ಲ ಎಂದು ಮರಾಠಿಯಲ್ಲಿ ಬಂತು ಉತ್ತರ. ಹೊರಗೆ ಬಂದು ಅವನಿಗೆ ಹೇಳುವಾಗ ಜಾಣತನ ತೋರಿಸುವ ಚಪಲ ತಡೆಯಲಾಗಲಿಲ್ಲ.

“ರಜಿಸ್ಟರಿನ್ಯಾಗ ನಿನ್ನ ಒಂದನೇ ತಾರೀಖಿಗೇ ಊರಿಗೆ ಕಳಸೇನಿ ತಮ್ಮಾ,” ಅಂದೆ. “ಮಶೀನಿನ ಮುಂದ ಇರಾಂವ ಬ್ಯಾರೆ ಯಾಂವೋ.”

ಅವನು ನಕ್ಕ. ನಾನೂ ನಕ್ಕೆ.

ಅಮಾವಾಸ್ಯೆಯ ದಿನ ಹನ್ನೊಂದು ಗಂಟೆಗೆ ಪ್ರೆಸ್ ಅವನ ಎಡಗೈ ತೋರುಬೆರಳಿನ ಎರಡು ಗೆಣ್ಣುಗಳನ್ನು ತೆಗೆದುಕೊಂಡಿತು. ಆ ಯಂತ್ರಕ್ಕೆ ಎರಡು ಬಟನ್ ಇದ್ದವು. ಎರಡೂ ಕೈ ಬಟನ್ ಮೇಲಿದ್ದರೆ ಮಾತ್ರ ಅದು ಕೆಳಗಿಳಿಯಬೇಕು, ಬೆರಳು ಉಳಿಯಲೆಂದೇ ಮಾಡಿದ ಏರ್ಪಾಡು. ಕೆಲಸ ಬೇಗ ಸಾಗಲೆಂದು ಮಾಲಕರು ಒಂದು ಬಟನ್ನನ್ನು ಸೈಕಲ್ ಟ್ಯೂಬಿನ ತುಂಡಿನಿಂದ ಕಟ್ಟಿಸಿ ಸದಾ ಒತ್ತಿಹಿಡಿಸಿದ್ದರು. ಒಮ್ಮೆ ಒತ್ತಿದ್ದಕ್ಕೆ ಯಂತ್ರ ಎರಡು ಸಲ ಇಳಿಯಿತು. ಅವನು ಕೂಗಲಿಲ್ಲ. ಕೈ ಎತ್ತಿ ಹಿಡಿದುಕೊಂಡು ನನ್ನ ಮೇಜಿನತ್ತ ನಡೆದು ಬಂದ. ನನ್ನ ಹೆಗಲ ಮೇಲಿನ ಟವೆಲ್ ಸುತ್ತಿ, ಮಾಲಕರ ಕಾರಿನಲ್ಲಿ ಆಸ್ಪತ್ರೆಗೆ ಕರೆದೊಯ್ದೆ. ದಾರಿಯಲ್ಲಿ ಅವನು ಒಂದೇ ಮಾತು ಕೇಳಿದ, ಡಬ್ಬಿ ಹನ್ನೊಂದೋ ಹನ್ನೆರಡೋ ಆಗಿದ್ದವು, ಬರೆದುಕೊಂಡಿರೇನು ಎಂದು. ನನಗೆ ಅಳು ಬಂತು. ಡ್ರೈವರ್ ಕನ್ನಡಿಯಲ್ಲಿ ನೋಡಿ ಎಫ್‌ಎಂ ಬಂದ್ ಮಾಡಿದ.

ಮಾಲಕರು ಕೆಟ್ಟವರಲ್ಲ. ಆಸ್ಪತ್ರೆಯ ಬಿಲ್ಲನ್ನು ಅವರೇ ಕೊಟ್ಟರು, ಎರಡು ಸಲ ಹಣ್ಣು ಕಳಿಸಿದರು, ದುಬಾರಿಯದೆಂದು ತಿಳಿಯಲಿ ಎಂದು ಸೇಬಿನ ಮೇಲಿನ ಸ್ಟಿಕ್ಕರೂ ತೆಗೆಸಿರಲಿಲ್ಲ. ಮೂರನೆಯ ವಾರ, ಅವನು ಪರಿಹಾರಕ್ಕೆ ಅರ್ಜಿ ಹಾಕಲಿದ್ದಾನೆ ಎಂಬ ಸುದ್ದಿ ಬಂದಾಗ ಮಾತ್ರ ಒಳಗಿಂದ ಕನ್ನಡ ಕೇಳಿಸಿತು. ಹೋದೆ. ಅಲ್ಲಿ ಅವರ ಸಲಹೆಗಾರರು ಕೂತಿದ್ದರು. ಕಾರ್ಮಿಕ ಕಾಯ್ದೆಗಳನ್ನು ಕಾರ್ಮಿಕರಿಂದ ಕಾಪಾಡುವುದು ಅವರ ಉದ್ಯೋಗ. ಅವರು ಒಂದು ತೆಳ್ಳಗಿನ ಪುಸ್ತಕ ನನ್ನತ್ತ ಸರಿಸಿ, ಎಷ್ಟಾಗುತ್ತದೆ ಲೆಕ್ಕ ಹಾಕಿ ಎಂದರು.

ಆ ಪುಸ್ತಕದ ಹಿಂದಿನ ಪಟ್ಟಿಯನ್ನು ಓದಿದ ಮೇಲೆ ನಾನು ನನ್ನ ಕೈಯನ್ನು ಮೊದಲಿನಂತೆ ನೋಡಿಲ್ಲ. ಕಾಯ್ದೆ ಮನುಷ್ಯನನ್ನು ತುಂಡು ತುಂಡಾಗಿ ಬಲ್ಲದು. ಹೆಬ್ಬೆರಳು ಹೋದರೆ ದುಡಿಯುವ ಶಕ್ತಿಯಲ್ಲಿ ನೂರಕ್ಕೆ ಮೂವತ್ತು ಹೋಯಿತು. ತೋರುಬೆರಳು ಪೂರ್ತಿ ಹೋದರೆ ಹದಿನಾಲ್ಕು, ಎರಡು ಗೆಣ್ಣು ಹೋದರೆ ಹನ್ನೊಂದು, ಒಂದೇ ಹೋದರೆ ಒಂಬತ್ತು. ಎಲುಬು ಉಳಿದು ತುದಿ ಮಾತ್ರ ಹೋದರೆ ಐದು. ಉಂಗುರಬೆರಳಿಗೂ ಕಿರುಬೆರಳಿಗೂ ಇಡಿಯಾಗಿ ಏಳೇ. ಮದುವೆಯಲ್ಲಿ ಅಷ್ಟು ಮರ್ಯಾದೆ ಮಾಡಿಸಿಕೊಳ್ಳುವ ಬೆರಳಿಗೆ ಇಷ್ಟು ಕಡಿಮೆ ಅಂಕ ಕೊಟ್ಟ ಮಾಸ್ತರು ಯಾರೋ ತಿಳಿಯದು. ಎಡಗೈ ಬಲಗೈ ಎಂಬ ಭೇದ ಅಲ್ಲಿಲ್ಲ.

ಲೆಕ್ಕ ಹೀಗೆ. ಮೊದಲು ಹಿಂದಿನ ಹನ್ನೆರಡು ತಿಂಗಳ ಪಗಾರದ ಸರಾಸರಿ. ಅದು ಹದಿನೈದು ಸಾವಿರಕ್ಕಿಂತ ಹೆಚ್ಚಿದ್ದರೂ ಹದಿನೈದು ಎಂದೇ ಹಿಡಿಯಬೇಕು. ಅದರಲ್ಲಿ ನೂರಕ್ಕೆ ಅರವತ್ತು ಪಾಲು. ಸತ್ತಿದ್ದರೆ ಐವತ್ತು, ಬದುಕಿ ಪೂರ್ತಿ ನಿರುಪಯೋಗಿಯಾದರೆ ಅರವತ್ತು, ಆದ್ದರಿಂದ ಈ ವಿಷಯದಲ್ಲಿ ಬದುಕಿರುವುದೇ ಲಾಭ. ಬಂದ ರಕಮನ್ನು ವಯಸ್ಸಿಗೆ ತಕ್ಕಂತೆ ಇನ್ನೊಂದು ಪಟ್ಟಿಯಲ್ಲಿರುವ ಅಂಕಿಯಿಂದ ಗುಣಿಸಬೇಕು. ವಯಸ್ಸು ಏರಿದಂತೆ ಆ ಅಂಕಿ ಇಳಿಯುತ್ತದೆ. ಮೂವತ್ತೈದು ತುಂಬಿದವನಿಗೆ ನೂರಾ ತೊಂಬತ್ತೇಳು ದಶಾಂಶ ಸೊನ್ನೆ ಆರು. ಕೊನೆಗೆ ಗೆಣ್ಣಿನ ಹನ್ನೊಂದು ಪಾಲು. ನಿಜವಾದ ಪಗಾರ ಹಿಡಿದರೆ ಒಂದು ಲಕ್ಷ ತೊಂಬತ್ತೈದು ಸಾವಿರದ ಎಂಬತ್ತೊಂಬತ್ತು ರೂಪಾಯಿ. ನನ್ನ ಪುಸ್ತಕದ ಎಂಟು ಸಾವಿರ ಹಿಡಿದರೆ ಒಂದು ಲಕ್ಷ ನಾಲ್ಕು ಸಾವಿರದ ನಲವತ್ತೇಳು.

ವಯಸ್ಸಿನಲ್ಲೂ ಒಂದು ತಮಾಷೆ ಇತ್ತು. ನಮ್ಮ ಕಡೆ ಶಾಲೆಗೆ ಹೆಸರು ಹಚ್ಚುವಾಗ ಹುಟ್ಟಿದ ದಿನ ಯಾರಿಗೂ ನೆನಪಿಲ್ಲದಿದ್ದರೆ ಮಾಸ್ತರರು ಜೂನ್ ಒಂದು ಎಂದು ಬರೆದುಬಿಡುತ್ತಾರೆ, ವರ್ಷವನ್ನು ಅಳತೆ ನೋಡಿ ಹಾಕುತ್ತಾರೆ. ಇವನ ತಾಯಿಯ ಲೆಕ್ಕದಲ್ಲಿ ಇವನು ಜೋಳದ ರಾಶಿಯ ಕಾಲಕ್ಕೆ ಹುಟ್ಟಿದ್ದು, ಅದೂ ಮುಂದಿನ ವರ್ಷ. ಆಧಾರ್ ಕಾರ್ಡಿನಲ್ಲಿ ಮಾಸ್ತರರ ಲೆಕ್ಕವೇ ಇತ್ತು. ಕಾರ್ಡಿನ ಪ್ರಕಾರ ಅವನಿಗೆ ಮೂವತ್ತೈದು ತುಂಬಿ ಆಗಿನ್ನೂ ಕೆಲವೇ ವಾರ. ಮೇ ತಿಂಗಳಲ್ಲೇ ಬೆರಳು ಕೊಟ್ಟಿದ್ದರೆ ಎರಡು ಸಾವಿರದ ಮೇಲೆ ಹೆಚ್ಚು ಸಿಗುತ್ತಿತ್ತು.

ನಾನು ಎರಡೂ ಲೆಕ್ಕ ಬರೆದುಕೊಟ್ಟೆ. ಸಲಹೆಗಾರರು ಅವನ್ನು ನೋಡಲೇ ಇಲ್ಲ. ಅವರು ಜೂನ್ ತಿಂಗಳ ಹಾಜರಿ ಪುಟ ತೆರೆದು ಅಮಾವಾಸ್ಯೆಯ ಚೌಕದ ಮೇಲೆ ಬೆರಳಿಟ್ಟಿದ್ದರು. ಅಲ್ಲಿ ನನ್ನ ಅಕ್ಷರದಲ್ಲಿ, ಬಲಗಾಲಿಗೆ ಸಣ್ಣ ಬಾಲವಿರುವ, ಹದಿನಾಲ್ಕು ವರ್ಷದಿಂದ ನಾನು ತಿದ್ದಿ ಬೆಳೆಸಿದ ‘ಎ’ ಇತ್ತು. ಅವನು ಆ ದಿನ ಕೆಲಸಕ್ಕೆ ಬಂದೇ ಇರಲಿಲ್ಲ. ಕೆಲಸದ ಮೇಲೆ ಇಲ್ಲದವನಿಗೆ ಕೆಲಸದಲ್ಲಿ ಅಪಘಾತ ಹೇಗಾದೀತು? ಸಲಹೆಗಾರರು ಆಗಲೇ ಒಂದು ಕಥೆ ಹೊಸೆದಿದ್ದರು. ರಜೆಯಲ್ಲಿದ್ದವನು ಅಡ್ವಾನ್ಸ್ ಕೇಳಲು ಬಂದ, ಯಾರೂ ನೋಡದಾಗ ತಾನಾಗಿ ಯಂತ್ರ ಮುಟ್ಟಿದ. ಪರಿಹಾರ ಸೊನ್ನೆ. ಮಾಲಕರು ಮಾನವೀಯತೆಯಿಂದ ನಲವತ್ತು ಸಾವಿರ ಕೊಡುತ್ತಾರೆ, ಅವನು ಒಂದು ಕಾಗದಕ್ಕೆ ಸಹಿ ಮಾಡುತ್ತಾನೆ. ಉಳಿದ ಆಪರೇಟರುಗಳನ್ನು ಕೇಳಿದರೆ ಎಂದು ನಾನು ತೊದಲಿದೆ. ಅವರಿಗೂ ಮನೆ ಮಠ ಇದೆಯಲ್ಲ ಎಂದರು ಸಲಹೆಗಾರರು. ಮಾಲಕರು ನನ್ನ ಬೆನ್ನು ತಟ್ಟಿದರು. ಅಷ್ಟು ವರ್ಷದಲ್ಲಿ ಅದೇ ಮೊದಲ ಸಲ.

ನಲವತ್ತು ಸಾವಿರ ಒಪ್ಪಿಸುವ ಕೆಲಸವೂ ನನಗೇ ಬಂತು, ಕನ್ನಡದಲ್ಲಿ ಹೇಳಿದರೆ ಅವನಿಗೆ ತಿಳಿಯುತ್ತದೆ ಎಂದು. ಒಂದೇ ಖೋಲಿಯ ಮನೆ. ಟಿವಿಯ ಪಕ್ಕದ ಫಳಿಯ ಮೇಲೆ ಮಣ್ಣಿನ ಎತ್ತುಗಳು ಇನ್ನೂ ಇದ್ದವು, ಒಣಗಿ ಒಂದರ ಕೋಡು ಉದುರಿತ್ತು. ಹಬ್ಬದ ಮರುದಿನ ನೀರಿಗೆ ಬಿಡಬೇಕಾದವನ್ನು ಯಾರಿಗೂ ಬಿಡುವ ಪುರಸೊತ್ತಾಗಿರಲಿಲ್ಲ. ಅವನ ಹೆಂಡತಿ ನನಗೆ ಚಹ ಕೊಟ್ಟು, ಒಂದು ಬಿಸ್ಕಿಟ್ ಡಬ್ಬಿ ತಂದು ಮುಂದಿಟ್ಟಳು. ಆಸ್ಪತ್ರೆಯ ಚೀಟಿ, ರೇಶನ್ ಕಾರ್ಡು, ಮಗಳ ಶಾಲೆಯ ಫೋಟೊ, ಎಲ್ಲ ಒಂದೊಂದು ಖಾಕಿ ಲಕೋಟೆಯಲ್ಲಿ ಇದ್ದವು. ಲಕೋಟೆಗಳ ಮೇಲೆ ನನ್ನ ಅಕ್ಷರ. ಆಷಾಢ, ಹದಿನೇಳು ಸಾವಿರ. ಶ್ರಾವಣ, ಹದಿನೇಳು ಸಾವಿರ. ಲಕೋಟೆ ಗಟ್ಟಿಯಾಗಿದ್ದವು, ಅಕ್ಷರವೂ ಚಂದ ಇತ್ತು, ಒಗೆಯಲು ಮನಸ್ಸಾಗಲಿಲ್ಲ ಎಂದಳು.

ನಾನು ಸಲಹೆಗಾರರ ಕಥೆಯನ್ನು ಹೇಳಿದೆ. ಪುಸ್ತಕದಲ್ಲಿರುವ ಅವನ ಗೈರನ್ನೂ ಹೇಳಿದೆ. ನಲವತ್ತು ಸಾವಿರದ ಮಾತನ್ನು ತಲೆ ತಗ್ಗಿಸಿ ಹೇಳಿದೆ. ಅವನಿಗೆ ಸಿಟ್ಟು ಬಂದಿದ್ದರೆ ನಾನು ಹಗುರಾಗುತ್ತಿದ್ದೆ. ಅವನು ಪಟ್ಟಿ ಸುತ್ತಿದ ಕೈಯನ್ನು ಮಡಿಲಲ್ಲಿಟ್ಟುಕೊಂಡ. ಸರಕಾರಿ ಪುಸ್ತಕದಲ್ಲಿ ಬರೆದದ್ದು ಸುಳ್ಳಿರಲಾರದು ಎಂಬ ಭಯ ಅವನ ಮುಖದಲ್ಲಿತ್ತು.

“ಕಾಕಾ,” ಅಂದ, “ಆವತ್ತ ನಾ ಇದ್ನಲ್ರಿ?”

ನೀನು ಇದ್ದೆ ಎಂದೆ. ನಲವತ್ತು ಸಾವಿರವನ್ನು ಚೀಲದಲ್ಲಿ ವಾಪಸು ತಂದೆ.

ಮನೆಯಲ್ಲಿ ಹೆಂಡತಿಗೆ ಎಲ್ಲ ಹೇಳಿದೆ. ನನಗೆ ಐವತ್ತೆಂಟು, ಈ ವಯಸ್ಸಿಗೆ ಇನ್ನೊಂದು ಕಡೆ ಯಾರು ಕೆಲಸ ಕೊಡುತ್ತಾರೆ, ಬಾಡಿಗೆ ಇದೆ, ನಿನ್ನ ಮಂಡಿಯ ಔಷಧ ಇದೆ ಎಂದು ಲಾಯರಿನಂತೆ ವಾದಿಸಿದೆ. ಅವಳು ಚಪಾತಿ ಲಟ್ಟಿಸುವುದನ್ನು ನಿಲ್ಲಿಸಲಿಲ್ಲ.

“ಮಶೀನು ಎರಡು ಗೆಣ್ಣು ತಗೊಂತು,” ಅಂದಳು. “ಉಳಿದದ್ದ ನೀವು ತಗೋಬ್ಯಾಡ್ರಿ.”

ಆಮೇಲೆ ಊಟಕ್ಕೆ ಬಡಿಸಿದಳು. ಅವಳ ಎದುರು ನಾನು ಮೂವತ್ತು ವರ್ಷದಲ್ಲಿ ಒಂದು ಸಲವೂ ಗೆದ್ದಿಲ್ಲ; ಸಾಕ್ಷಿ ಹೇಳುತ್ತೇನೆ ಎಂದು ಮರುದಿನವೇ ಅವನಿಗೆ ತಿಳಿಸಿದೆ.

ವಿಚಾರಣೆಗೆ ಎಂಟು ತಿಂಗಳು ಹಿಡಿಯಿತು. ಅಷ್ಟು ದಿನ ನಾನು ಪುಸ್ತಕ ಬರೆಯುತ್ತಲೇ ಇದ್ದೆ, ಅದನ್ನೂ ಮುಚ್ಚಿಡುವುದಿಲ್ಲ. ಅವನ ಲಾಯರು ಸಾಕ್ಷಿಯೆಂದು ನನ್ನ ಹೆಸರು ಕೊಟ್ಟಿದ್ದು ಮಾಲಕರಿಗೆ ತಿಳಿದದ್ದು ನನ್ನ ಸಾಕ್ಷಿಯ ಹಿಂದಿನ ದಿನವಷ್ಟೇ. ಅವರು ನನಗೆ ಒಂದು ಮಾತೂ ಆಡಲಿಲ್ಲ, ಯಾವ ಭಾಷೆಯಲ್ಲೂ. ಏಕೆಂದರೆ ಅವರ ಬಳಿ ಉತ್ತರ ತಯಾರಿತ್ತು.

ಪರಿಹಾರದ ಅರ್ಜಿ ಕೇಳುವ ಅಧಿಕಾರಿ ಒಬ್ಬ ಹೆಣ್ಣುಮಗಳು, ಮೂಗಿನ ತುದಿಗೆ ಕನ್ನಡಕ. ನಾನು ಕಟಕಟೆ ಹತ್ತಿ ಹೆಸರು ಹೇಳುವಷ್ಟರಲ್ಲಿ ಮಾಲಕರ ಲಾಯರು ಎದ್ದು ನಿಂತರು. ಈ ಮನುಷ್ಯ ಯಾರು ಎಂದು ಮರಾಠಿಯಲ್ಲಿ ಕೇಳಿದರು. ಶಾಪಿನಲ್ಲಿ ಕೆಲಸ ಮಾಡುವವರು ಒಂಬತ್ತು ಜನ, ಅವರೆಲ್ಲರ ಹೆಸರು ರಜಿಸ್ಟರಿನಲ್ಲಿದೆ. ಹದಿನಾಲ್ಕು ವರ್ಷದ ಯಾವ ಪುಟದಲ್ಲೂ ಇವರ ಹೆಸರಿಲ್ಲ. ಇವರು ಅಲ್ಲಿ ಎಂದೂ ಕೆಲಸ ಮಾಡಿಲ್ಲ, ಅಲ್ಲಿ ನಡೆದದ್ದು ಇವರಿಗೆ ಗೊತ್ತಿರಲು ಸಾಧ್ಯವಿಲ್ಲ. ನಾನು ಮಾಲಕರ ಕಡೆ ನೋಡಿದೆ. ಅವರು ಭೇಟಿಗೆ ಬಂದ ಊರಿನವನನ್ನು ನೋಡುವಂತೆ ನನ್ನನ್ನು ನೋಡಿದರು. ಸಿಟ್ಟಿಗಿಂತ ಮೊದಲು ನನಗೆ ಅಂಜಿಕೆಯಾಯಿತು. ಅಷ್ಟು ದೊಡ್ಡ ಪುಸ್ತಕದಲ್ಲಿ ನಾನು ಎಲ್ಲೂ ಇರಲಿಲ್ಲ, ಮತ್ತು ಅದನ್ನು ಬರೆದವನು ನಾನೇ.

ಅಧಿಕಾರಿ ಒಂದು ಖಾಲಿ ಹಾಳೆ ಕೊಟ್ಟು, ಒಂದು ತಿಂಗಳ ಹಾಜರಿಯ ಸಾಲು, ಅದರ ಕೆಳಗೆ ಹದಿನೇಳು ಸಾವಿರವನ್ನು ಕನ್ನಡ ಅಂಕಿಯಲ್ಲಿ ಬರೆಯಿರಿ ಎಂದರು. ಬರೆದೆ. ಸಾಲು ಸೊಟ್ಟಗಾಗಲಿಲ್ಲ. ಅವರು ಹಾಳೆಯನ್ನು ರಜಿಸ್ಟರಿನ ಪಕ್ಕ ಇಟ್ಟರು. ಅದರ ಪಕ್ಕ, ಅವನ ಲಾಯರು ಒಪ್ಪಿಸಿದ್ದ ಬಿಸ್ಕಿಟ್ ಡಬ್ಬಿಯ ಹನ್ನೆರಡು ಲಕೋಟೆಗಳನ್ನು ಇಟ್ಟರು. ಬಾಲವಿರುವ ‘ಎ’ ರಜಿಸ್ಟರಿನಲ್ಲೂ ಹಾಳೆಯಲ್ಲೂ ಇತ್ತು, ಹದಿನೇಳು ಸಾವಿರದ ಏಳರ ಅಂಕಿ ಲಕೋಟೆಗಳಲ್ಲೂ ಹಾಳೆಯಲ್ಲೂ ಒಂದೇ ರೀತಿ ಕತ್ತು ಬಗ್ಗಿಸಿತ್ತು. ಲಕೋಟೆಯ ಮೇಲಿನ ಕನ್ನಡವನ್ನು ಓದಿ ಎಂದರು. ಆಷಾಢ, ಶ್ರಾವಣ, ಭಾದ್ರಪದ ಎಂದು ಓದಿದೆ. ಮರಾಠಿಗೂ ಅವೇ ಮಾಸಗಳು, ಅವರಿಗೆ ತಿಳಿಯಿತು.

ಅಮಾವಾಸ್ಯೆಯ ದಿನ ಅವನು ಬಂದಿದ್ದರೆ ಗೈರು ಹೇಗೆ ಬಿತ್ತು ಎಂದು ಕೇಳಿದರು. ಪಂಚಾಂಗ ನೋಡಿ ಬರೆದೆ ಎಂದೆ. ಅವರಿಗೆ ಅರ್ಥವಾಗಲಿಲ್ಲ. ಮಣ್ಣೆತ್ತಿನ ಹಬ್ಬವನ್ನು ನನ್ನ ಮರಾಠಿಯಲ್ಲಿ ವಿವರಿಸಿದೆ. ಪಂಢರಪುರದವನ ಏಕಾದಶಿಗಳನ್ನು ನೋಡಿ ಮೇಡಂ ಎಂದೆ. ಬಿಹಾರದವನ ಛಠ್ ನೋಡಿ ಎಂದೆ. ಅವರು ಶಿಪಾಯಿಯಿಂದ ಗೋಡೆಯ ಕ್ಯಾಲೆಂಡರ್ ತೆಗೆಸಿ ಮೇಜಿನ ಮೇಲೆ ಹರವಿಕೊಂಡರು. ಒಂದೊಂದೇ ತಿಂಗಳು, ಒಬ್ಬೊಬ್ಬನದೇ ಸಾಲು. ಯಾರಿಗೂ ಜ್ವರದ ಗೈರಿರಲಿಲ್ಲ, ಮಗುವಿನ ಕಾಯಿಲೆಯ ಗೈರಿರಲಿಲ್ಲ, ಬಸ್ ತಪ್ಪಿದ ಗೈರಿರಲಿಲ್ಲ. ಒಂಬತ್ತು ಜನರೂ ಇಡೀ ವರ್ಷ ದೇವರ ತಾರೀಖಿಗೇ ತಪ್ಪದೆ ಗೈರಾಗಿದ್ದರು. ನಾನು ಅಷ್ಟು ಹೆಮ್ಮೆಪಟ್ಟ ಕಸುಬು ಅಲ್ಲಿ ಎಲ್ಲರ ಮುಂದೆ ಬಿಚ್ಚಿಕೊಂಡು ಬಿದ್ದಿತ್ತು. ಅಧಿಕಾರಿ ಕನ್ನಡಕ ತೆಗೆದು, ನಕ್ಕರೋ ಕೆಮ್ಮಿದರೋ ತಿಳಿಯಲಿಲ್ಲ.

ಮರುದಿನ ಬೆಳಗ್ಗೆ ಎಂದಿನಂತೆ ಡಬ್ಬಿ ತೆಗೆದುಕೊಂಡು ಶಾಪಿಗೆ ಹೋದೆ. ಅಭ್ಯಾಸ. ಮಾಲಕರು ಬಾಗಿಲಲ್ಲೇ ನಿಂತಿದ್ದರು. ಕೆಲಸದಿಂದ ತೆಗೆದುಹಾಕುತ್ತೀರೇನು ಎಂದು ನಾನೇ ಕೇಳಿದೆ.

“ನೀವು ಇಲ್ಲಿ ಇರಲೇ ಇಲ್ಲಲ್ರಿ ರಾಯರ,” ಅಂದರು, ಅಪ್ಪಟ ಕನ್ನಡದಲ್ಲಿ. “ತೆಗಿಯೂದು ಯಾರನ್ನ?”

ನೋಟಿಸಿಲ್ಲ, ಬಾಕಿಯಿಲ್ಲ, ಗ್ರ್ಯಾಚುಯಿಟಿ ಇಲ್ಲ. ಹದಿನಾಲ್ಕು ವರ್ಷದ ಭೇಟಿ ಮುಗಿಸಿಕೊಂಡು ಬಸ್ ಹತ್ತಿದೆ. ಈಗ ಯೆರವಡಾದಲ್ಲಿ ಒಂದು ಝೆರಾಕ್ಸ್ ಅಂಗಡಿಯ ಪಕ್ಕ ಕೂತು ಜನರ ಅರ್ಜಿ ತುಂಬಿಕೊಡುತ್ತೇನೆ. ಹುಟ್ಟಿದ ತಾರೀಖು ಕೇಳಿದಾಗ ಯಾರಾದರೂ ಜೂನ್ ಒಂದು ಎಂದರೆ ನಮ್ಮ ಕಡೆಯವರೆಂದು ಒಂದು ಕುರ್ಚಿ ಕೊಡುತ್ತೇನೆ.

ಆದೇಶ ಬಂದದ್ದು ಬೇಸಿಗೆಗೆ. ಒಂದು ಲಕ್ಷ ತೊಂಬತ್ತೈದು ಸಾವಿರದ ಎಂಬತ್ತೊಂಬತ್ತು, ಮೇಲೆ ಬಡ್ಡಿ. ಅವನು ಕಚೇರಿಯಿಂದ ಕಾಗದಗಳನ್ನು ವಾಪಸು ತೆಗೆದುಕೊಳ್ಳಬೇಕಿತ್ತು, ಜೊತೆಗೆ ಬನ್ನಿ ಎಂದು ಕರೆದಿದ್ದಕ್ಕೆ ಹೋದೆ. ಬೇರೆ ಕಡೆ ಪ್ಯಾಕಿಂಗ್ ಕೆಲಸಕ್ಕೆ ಸೇರಿದ್ದ, ಪಗಾರ ಅರ್ಧಕ್ಕೆ ಇಳಿದಿತ್ತು. ಕಾಯ್ದೆಯ ಪ್ರಕಾರ ಹನ್ನೊಂದು ಪ್ರತಿಶತ ಮಾತ್ರ ಇಳಿಯಬೇಕಿತ್ತು. ಇದನ್ನು ಹೊಸ ಮಾಲಕನಿಗೆ ಯಾರು ತಿಳಿಸಿ ಹೇಳುವವರು?

ಹೊರಗೆ ಚಹದಂಗಡಿಯ ಬೆಂಚಿನ ಮೇಲೆ ಕೂತು ಅವನು ಬಿಸ್ಕಿಟ್ ಡಬ್ಬಿ ತೆರೆದ. ಹನ್ನೆರಡು ಲಕೋಟೆಯೂ ಬಂದಿವೆಯೋ ಇಲ್ಲವೋ ನೋಡಬೇಕು, ಮನೆಯಾಕೆ ಹೇಳಿ ಕಳಿಸಿದ್ದಾಳೆ ಎಂದ. ಒಂದೊಂದನ್ನೇ ಬಲಗೈಯಿಂದ ಎತ್ತಿ ಮೇಲಿನ ಹೆಸರು ಓದುತ್ತ ಬೆಂಚಿನ ಮೇಲಿಡುತ್ತ ಹೋದ. ಎಡಗೈ ಹೆಬ್ಬೆರಳು ಕಿರುಬೆರಳಿನ ಬುಡದಿಂದ ಹೊರಟಿತು. ಆಷಾಢ, ಶ್ರಾವಣ, ಭಾದ್ರಪದ. ಆಶ್ವೀಜ, ಕಾರ್ತಿಕ, ಮಾರ್ಗಶಿರ. ಪುಷ್ಯ, ಮಾಘ, ಫಾಲ್ಗುಣ. ತೋರುಬೆರಳಿನಲ್ಲಿ ಉಳಿದಿದ್ದ ಬುಡದ ಗೆಣ್ಣಿಗೆ ಬಂದು ಚೈತ್ರ ಅಂದ. ನಾನು ಚಹದ ಗ್ಲಾಸನ್ನು ಕೆಳಗಿಟ್ಟೆ. ಅವನ ಹೆಬ್ಬೆರಳು ನಿಲ್ಲಲಿಲ್ಲ. ಏನೂ ಇಲ್ಲದ ಕಡೆ, ಮೊದಲಿನಷ್ಟೇ ಅಂತರ ಬಿಟ್ಟು, ಒಂದು ಸಲ ಒತ್ತಿ ವೈಶಾಖ ಅಂದ, ಇನ್ನೊಂದು ಸಲ ಒತ್ತಿ ಜ್ಯೇಷ್ಠ ಅಂದ.

“ಹನ್ನೆರಡೂ ಅದಾವ್ರಿ ಕಾಕಾ,” ಅಂದು ಡಬ್ಬಿಯ ಮುಚ್ಚಳ ಹಾಕಿದ.